ಅರ್ಥ ಮೊದಲೇ ಬರೆದಿಡಿ



ಹೂವಿನಹಡಗಲಿ ತಾಲ್ಲೂಕಿನ ಮೈಲಾರ. ಭರತ ಹುಣ್ಣಿಮೆಯ ಜಾತ್ರೆ. ಡೆಂಕನಮರಡಿಯಲ್ಲಿ ಕಣ್ಣು ಹಾಯಿಸಿದಷ್ಟೂ ಜನ. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂದರೆ ಸಾಕು, ಅಷ್ಟೂ ಜನ ಉಸಿರು ಬಿಗಿಹಿಡೀತಾರೆ. ಒಂದೇ ಸಾಲು ಕಾರ್ಣಿಕ ನುಡಿದು ಅವರು ಮೇಲಿನಿಂದ ಕೆಳಕ್ಕೆ ಬೀಳ್ತಾರೆ. ಅಲ್ಲಿಂದ ನಮ್ಮ ಚಾನೆಲ್‌ಗಳ ಕೆಲಸ ಶುರು. ಮಳೆಗೆ ಏನರ್ಥ, ಸರ್ಕಾರಕ್ಕೆ ಏನರ್ಥ ಅಂತ ಸಂಜೆತನಕ ಚರ್ಚೆ. ನಾನೂ ಮಾಡಿದ್ದೀನಿ.

2024ರ ಕಾರ್ಣಿಕ ‘ಸಂಪಾಯಿತಲೇ ಪರಾಕ್’. ಅದೇ ವರ್ಷ ಆಗಸ್ಟ್ 10ರ ರಾತ್ರಿ, ತುಂಬಿ ನಿಂತಿದ್ದ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯ್ತು. 2025ರ ಕಾರ್ಣಿಕ ‘ತುಂಬಿದ ಕೊಡ ತುಳುಕಿತಲೇ ಪರಾಕ್’.

ಈ ಎರಡು ನುಡಿಗಳನ್ನು ಅದಲು ಬದಲು ಮಾಡಿ ನೋಡಿ. ಕೊಡದ ಮಾತು 2024ರಲ್ಲೇ ಬಂದಿದ್ದರೆ? ‘ಗೇಟು ಹೋಗೋದನ್ನ ಆರು ತಿಂಗಳ ಮುಂಚೆಯೇ ಹೇಳಿತ್ತು’ ಅಂತಿದ್ವಿ. ಮೊದಲ ಬ್ರೇಕಿಂಗ್ ನ್ಯೂಸ್ ನನ್ನದೇ ಆಗಿರ್ತಿತ್ತು.

ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಗೊರವಯ್ಯ ನುಡಿದದ್ದು ಒಂದು ಸಾಲು. ಅರ್ಥ ಕಟ್ಟೋರು ನಾವು. ಅದೂ ಎಲ್ಲ ಮುಗಿದ ಮೇಲೆ, ಹೊಂದಿದ್ದನ್ನು ನೆನಪಿಟ್ಟುಕೊಂಡು, ಹೊಂದದ್ದನ್ನು ಮರೆತು.

ಟಿವಿ ಚರ್ಚೆಯಲ್ಲಾದರೆ ಇದರಿಂದ ಯಾರಿಗೂ ನಷ್ಟವಿಲ್ಲ. ಹೊಲದಲ್ಲಿ ಇದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಬಹಳಷ್ಟು ಜನ ಮುಗಿಲು ನೋಡಿ ಬಿತ್ತೋರು. ಮೆಕ್ಕೆಜೋಳವೋ, ಶೇಂಗಾವೋ, ಈರುಳ್ಳಿಯೋ ಅನ್ನೋದರ ಮೇಲೆ ಮನೆಯ ಸಾಲ ನಿಂತಿರುತ್ತೆ. ಈರುಳ್ಳಿ ಕೈಹಿಡಿದರೆ ‘ನನಗೆ ಮೊದಲೇ ಗೊತ್ತಿತ್ತು’. ಕೈಕೊಟ್ಟರೆ ‘ಹಣೆಬರಹ’. ಎರಡರಲ್ಲೂ ಪಾಠ ಕಲಿಯೋಕೆ ಏನೂ ಉಳಿಯಲ್ಲ.

ಇಂಜಿನಿಯರಿಂಗ್ ಲ್ಯಾಬಿನಲ್ಲಿ ನಾವು ಉತ್ತರ ನೋಡಿಕೊಂಡು ರೀಡಿಂಗ್ ಬರೀತಿದ್ವಿ. ಎಲ್ಲರ ಪ್ರಯೋಗವೂ ಸರಿ. ಕಲಿತದ್ದು ಸೊನ್ನೆ.

ಅದಕ್ಕೇ ಹೇಳೋದು, ಬಿತ್ತೋ ಮುಂಚೆ ಒಂದು ನೋಟ್‌ಬುಕ್ ತೆಗೀರಿ. ಈ ಬೆಳೆ ಯಾಕೆ? ಹೋದ ವರ್ಷದ ರೇಟು ನೋಡಿಯೋ, ಈ ವರ್ಷ ಎಷ್ಟು ಜನ ಬಿತ್ತುತ್ತಿದ್ದಾರೆ ಅಂತ ವಿಚಾರಿಸಿಯೋ? ಯಾವ ತಾರೀಖಿನೊಳಗೆ ಮಳೆ ಬರದಿದ್ದರೆ ಬೆಳೆ ಬದಲಿಸ್ತೀರಿ? ಎಷ್ಟು ನಷ್ಟ ತಡೀತೀರಿ? ನಾಲ್ಕು ಸಾಲು ಸಾಕು. ದೀಪಾವಳಿಗೆ ತೆಗೆದು ಓದಿ. ಮಕ್ಕಳ ಕಾಲೇಜು, ಬೋರ್‌ವೆಲ್, ಮದುವೆ ಸಾಲ, ಎಲ್ಲಕ್ಕೂ ಇದೇ ಲೆಕ್ಕ.

ಮುಂದಿನ ಕಾರ್ಣಿಕದ ದಿನ ನಾನೂ ನನ್ನ ಅರ್ಥವನ್ನು ನಿಮ್ಮೆದುರೇ ಬರೆದಿಡ್ತೀನಿ. ವರ್ಷ ತುಂಬಿದ ಮೇಲೆ ಇದೇ ಸ್ಟುಡಿಯೋದಲ್ಲಿ ಓದ್ತೀನಿ. ತಪ್ಪಿದ್ದರೆ ತಪ್ಪು ಅಂತಲೇ ಹೇಳ್ತೀನಿ.