ಮದರಾಸಿನ ಸೆಕೆ, ಕಂಪ್ಯೂಟರಿನ ಜ್ವರ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಓದಿದ ಭಾಷಣದ ಬರಹರೂಪ)

ಚೆನ್ನೈಯಲ್ಲಿ ನಾಲ್ಕು ಬೇಸಿಗೆ ಕಳೆದ ಕನ್ನಡಿಗರಿಗೆ ಅಗ್ನಿನಕ್ಷತ್ರ ಎಂದರೇನೆಂದು ವಿವರಿಸಬೇಕಾಗಿಲ್ಲ. ಮೇ 4ರ ಸುಮಾರಿಗೆ ಶುರುವಾಗಿ ತಿಂಗಳ ಕೊನೆಯವರೆಗೆ ನಡೆಯುವ ಈ ದಿನಗಳನ್ನು ಇಲ್ಲಿಯವರು ‘ಕತ್ತಿರಿ ವೆಯಿಲ್’ ಎನ್ನುತ್ತಾರೆ. ನಮ್ಮ ಊರುಗಳಲ್ಲಿ ಅದೇ ಹೊತ್ತಿಗೆ ಭರಣಿ ಮಳೆ, ಕೃತ್ತಿಕೆ ಮಳೆಯ ಮಾತು. ಇಲ್ಲಿ ನೆತ್ತಿ ಸುಡುವ ಬಿಸಿಲು. 2003ರ ಮೇ 31ರಂದು ನುಂಗಂಬಾಕ್ಕಂನಲ್ಲಿ 45 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ನಾವಾದರೆ ಮಜ್ಜಿಗೆ ಕುಡಿದು, ಫ್ಯಾನಿನ ಕೆಳಗೆ ಮಲಗಿ ಹೇಗೋ ದಿನ ದೂಡುತ್ತೇವೆ. ಮನೆಯ ಮೂಲೆಯಲ್ಲಿ ಕೂತು ದುಡಿಯುವ ಕಂಪ್ಯೂಟರಿನ ಗತಿ ಏನು? ಇವತ್ತು ಆ ವಿಷಯವನ್ನೇ ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಮೊದಲು ನಮ್ಮ ಮನೆಯ ಕಥೆ ಕೇಳಿ. ನನ್ನ ಮಗ ಮನೆಯಲ್ಲೇ ಕೂತು ಮದುವೆ ವೀಡಿಯೋಗಳ ಎಡಿಟಿಂಗ್ ಮಾಡುತ್ತಾನೆ. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗನೂ ಇವನೂ ಒಂದೇ ಪ್ರೊಸೆಸರ್, ಒಂದೇ ಕೂಲರ್ ಕೊಂಡರು. ಅವನು ಡಿಸೆಂಬರಿನಲ್ಲಿ ತನ್ನ ಯಂತ್ರವನ್ನು ಓವರ್‌ಕ್ಲಾಕ್ ಮಾಡಿ, ಸೆಟ್ಟಿಂಗುಗಳನ್ನೆಲ್ಲ ಕಾಗದದಲ್ಲಿ ಬರೆದು ಇವನಿಗೆ ಕೊಟ್ಟ. “ನನಗೆ ಬಂಡೆಯ ಹಾಗೆ ನಿಂತಿದೆ, ನೀನೂ ಹಾಕು” ಎಂದ. ಇವನೂ ಹಾಕಿದ. ಏಪ್ರಿಲ್ ಮಧ್ಯದವರೆಗೆ ಏನೂ ತೊಂದರೆಯಿರಲಿಲ್ಲ. ಮೇ ತಿಂಗಳಲ್ಲಿ ಒಂದು ಮದುವೆಯ ಕೆಲಸ ಕೈಯಲ್ಲಿತ್ತು. ರಾತ್ರಿ ಎಕ್ಸ್‌ಪೋರ್ಟ್‌ಗೆ ಹಾಕಿ ಮಲಗಿದರೆ, ಬೆಳಿಗ್ಗೆ ಎದ್ದು ನೋಡಿದಾಗ ಯಂತ್ರ ನಡುವೆಯೇ ನಿಂತು ರೀಸ್ಟಾರ್ಟ್ ಆಗಿರುತ್ತಿತ್ತು. ಒಂದು ರಾತ್ರಿಯಲ್ಲ, ಮೂರು ರಾತ್ರಿ. ಅವನು ರ‍್ಯಾಮ್ ಬದಲಾಯಿಸಿದ, ಪವರ್ ಸಪ್ಲೈ ಬದಲಾಯಿಸಿದ. ಏಳೆಂಟು ಸಾವಿರ ಹೋಯಿತು, ಕಾಯಿಲೆ ಮಾತ್ರ ಹೋಗಲಿಲ್ಲ. ಮದುವೆ ಮನೆಯವರಿಗೆ ವೀಡಿಯೋ ಒಂಬತ್ತು ದಿನ ತಡವಾಗಿ ಸಿಕ್ಕಿತು. ಬಾಕಿ ಹಣದಲ್ಲಿ ಅರ್ಧವನ್ನು ಇವನೇ ನಾಚಿಕೆಯಿಂದ ಬಿಟ್ಟುಕೊಟ್ಟ.

ದೋಷ ಇದ್ದದ್ದು ರ‍್ಯಾಮಿನಲ್ಲಲ್ಲ, ಲೆಕ್ಕದಲ್ಲಿ. ಆ ಲೆಕ್ಕ ಬಹಳ ಸುಲಭ. ನಿಮ್ಮ ಮನೆಯ ಹೈಸ್ಕೂಲು ಮಕ್ಕಳೂ ಮಾಡಬಲ್ಲರು.

ಓವರ್‌ಕ್ಲಾಕಿಂಗ್ ಎಂದರೆ ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದು. ಇದು ಹಳೆಯ ಹವ್ಯಾಸ. 1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ಪನ್ನು 300 ಮೆಗಾಹರ್ಟ್ಸ್‌ನಿಂದ 450ಕ್ಕೆ ಏರಿಸಿ ಓಡಿಸಿದವರು ಲೋಕದ ತುಂಬ ಇದ್ದರು. ಆದರೆ ಪುಕ್ಕಟೆ ವೇಗವೆಂಬುದಿಲ್ಲ. ವೇಗ ಹೆಚ್ಚಿಸಿದರೆ ಯಂತ್ರ ಸ್ಥಿರವಾಗಿ ನಿಲ್ಲಲು ವೋಲ್ಟೇಜನ್ನೂ ಸ್ವಲ್ಪ ಹೆಚ್ಚಿಸಬೇಕಾಗುತ್ತದೆ. ಚಿಪ್ಪಿನಲ್ಲಿ ಹುಟ್ಟುವ ಶಾಖ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗವನ್ನು ಶೇಕಡಾ 20ರಷ್ಟು ಹೆಚ್ಚಿಸಿ, ವೋಲ್ಟೇಜನ್ನು 1.2ರಿಂದ 1.35ಕ್ಕೆ ಏರಿಸಿದಿರಿ ಎನ್ನೋಣ. ಗುಣಿಸಿ ನೋಡಿ. ಶಾಖ ಶೇಕಡಾ 50ಕ್ಕೂ ಹೆಚ್ಚು ಏರುತ್ತದೆ. 100 ವ್ಯಾಟ್ ಇದ್ದದ್ದು 150 ದಾಟುತ್ತದೆ. ಐದನೇ ಒಂದು ಭಾಗ ವೇಗಕ್ಕೆ ಅರ್ಧದಷ್ಟು ಹೆಚ್ಚು ಬೆಂಕಿ!

ಈ ಶಾಖವನ್ನು ಚಿಪ್ಪಿನಿಂದ ಕೋಣೆಯ ಗಾಳಿಗೆ ದಾಟಿಸುವುದಷ್ಟೇ ಕೂಲರಿನ ಕೆಲಸ. ಹೆಸರು ಕೂಲರ್ ಎಂದಿದ್ದರೂ ಅದು ಏನನ್ನೂ ತಂಪು ಮಾಡುವ ಯಂತ್ರವಲ್ಲ, ಶಾಖ ಹೊರುವ ಕೂಲಿಯಾಳು ಅಷ್ಟೆ. ಬಿಸಿ ಕಾಫಿಯನ್ನು ಲೋಟದಿಂದ ದವರಕ್ಕೆ ಎತ್ತಿ ಹೊಯ್ದಾಗ ಅದು ಗಾಳಿಗೆ ಮೈಯೊಡ್ಡಿ ಆರುತ್ತದೆ. ಆದರೆ ಎಷ್ಟು ಸಲ ಹೊಯ್ದರೂ ಬರಿಯ ಗಾಳಿಯ ತಾಗುವಿಕೆ ಅದನ್ನು ಕೋಣೆಗಿಂತ ತಣ್ಣಗೆ ಮಾಡದು. ಕೂಲರೂ ಹಾಗೆಯೇ. ಎಂಥ ದುಬಾರಿ ಕೂಲರ್ ತಂದರೂ ಲೆಕ್ಕ ಶುರುವಾಗುವುದು ನಿಮ್ಮ ಕೋಣೆಯ ಉಷ್ಣತೆಯಿಂದ.

ಈಗ ಲೆಕ್ಕಕ್ಕೆ ಬರೋಣ. ಚಿಪ್ಪಿನಿಂದ ಗಾಳಿಯವರೆಗೆ ಒಂದೊಂದು ವ್ಯಾಟಿಗೆ ಎಷ್ಟು ಡಿಗ್ರಿ ಏರುತ್ತದೆ ಎಂಬುದು ಮುಖ್ಯ. ಸಾಧಾರಣ ಕೂಲರಿಗೆ ಅದು 0.35 ಎಂದಿಟ್ಟುಕೊಳ್ಳಿ. 150 ವ್ಯಾಟಿಗೆ 52 ಡಿಗ್ರಿ ಏರಿಕೆಯಾಯಿತು. ಕ್ಯಾಬಿನೆಟ್ಟಿನೊಳಗಿನ ಗಾಳಿ ಹೊರಗಿನದಕ್ಕಿಂತ 6 ಡಿಗ್ರಿ ಬಿಸಿ ಎನ್ನಿ. ಡಿಸೆಂಬರಿನ ಬೆಂಗಳೂರಿನಲ್ಲಿ ಕೋಣೆ 24 ಡಿಗ್ರಿ. ಮೂರನ್ನೂ ಕೂಡಿಸಿದರೆ 82. ಮೇ ತಿಂಗಳ ಚೆನ್ನೈಯಲ್ಲಿ, ತಾರಸಿಯ ಕೆಳಗಿನ ಕೋಣೆ 37 ಡಿಗ್ರಿ. ಕೂಡಿಸಿದರೆ 95. ಇಂದಿನ ಹಲವು ಪ್ರೊಸೆಸರುಗಳ ಮೇಲ್ಮಿತಿ 95ರಿಂದ 100. ಅದರ ಜೊತೆಗೆ ರೆಕ್ಕೆಗಳ ಸಂದಿನಲ್ಲಿ ಆರು ತಿಂಗಳ ಧೂಳು ಸೇರಿತೆಂದರೆ ಕಥೆ ಮುಗಿಯಿತು. ಮೇಲ್ಮಿತಿ ಮುಟ್ಟಿದ ಪ್ರೊಸೆಸರ್ ಮೊದಲು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಆರಿಹೋಗುತ್ತದೆ. ಓವರ್‌ಕ್ಲಾಕ್ ಆದ ಚಿಪ್ಪಾದರೆ, ಬಿಸಿ ಏರಿದಂತೆ ಲೆಕ್ಕ ತಪ್ಪಿ ನಡುವೆಯೇ ಕೈಚೆಲ್ಲುವುದೂ ಉಂಟು. ನನ್ನ ಮಗನ ಯಂತ್ರಕ್ಕೆ ಆದದ್ದು ಇದೇ.

ಆದ್ದರಿಂದ ಕೂಲರ್ ವಿಮರ್ಶೆ ಓದುವಾಗ ಒಂದು ಮಾತು ನೆನಪಿಡಿ. ಯುರೋಪಿನಲ್ಲೋ ಅಮೆರಿಕದಲ್ಲೋ ಪರೀಕ್ಷೆ ಮಾಡಿದವರ ಕೋಣೆ ಸಾಮಾನ್ಯವಾಗಿ 20ರಿಂದ 25 ಡಿಗ್ರಿ. ಅವರು ‘70 ಡಿಗ್ರಿ’ ಎಂದು ಬರೆದರೆ ನೀವು ಅದಕ್ಕೆ ಹದಿನೈದು ಸೇರಿಸಿ ಓದಿ. ವಿಮರ್ಶೆಯಲ್ಲಿ ಕೋಣೆಯ ಉಷ್ಣತೆ ಕೊಟ್ಟಿಲ್ಲದಿದ್ದರೆ ಆ ಅಂಕಿಯಿಂದ ನಿಮಗೆ ಪ್ರಯೋಜನವಿಲ್ಲ. “ನಮ್ಮದು ಎಸಿ ಕೋಣೆ” ಎನ್ನುವವರು ಇನ್ನೊಂದನ್ನು ಯೋಚಿಸಿ. ನೀವು ಎಸಿ ಆರಿಸಿ ಮಲಗಲು ಹೋದ ಮೇಲೂ ಯಂತ್ರ ಓಡುತ್ತಿರುತ್ತದೆಯೇ?

ಇನ್ನು ಆಯ್ಕೆ. ಓವರ್‌ಕ್ಲಾಕ್ ಮಾಡದೆ 65 ವ್ಯಾಟಿನ ಪ್ರೊಸೆಸರನ್ನು ಸಾಧಾರಣ ಕೆಲಸಕ್ಕೆ ಬಳಸುವವರಿಗೆ ಡಬ್ಬದ ಜೊತೆ ಬರುವ ಕೂಲರೇ ಸಾಕು, ಗಾಳಿಯಾಡಿದರಾಯಿತು. 100ರಿಂದ 150 ವ್ಯಾಟಿಗೆ 120 ಮಿಲಿಮೀಟರ್ ಫ್ಯಾನ್ ಇರುವ, ನಾಲ್ಕಾದರೂ ಹೀಟ್ ಪೈಪ್ ಇರುವ ಗೋಪುರದ ಆಕಾರದ ಕೂಲರ್ ಬೇಕು. ಅದಕ್ಕೂ ಮೇಲೆ, 200 ವ್ಯಾಟಿನ ಸುಮಾರಿಗೆ ಹೋಗುವವರು ಜೋಡಿ ಗೋಪುರದ ದೊಡ್ಡ ಕೂಲರನ್ನೋ ನೀರಿನ ಕೂಲರನ್ನೋ ನೋಡಬೇಕು. ಇಂಟೆಲ್‌ನ ಐ9-14900ಕೆ ಅಂಥ ಚಿಪ್ಪಿಗೆ ಓವರ್‌ಕ್ಲಾಕ್ ಮಾಡದೆಯೇ 253 ವ್ಯಾಟಿನವರೆಗೆ ಅನುಮತಿ ಇದೆ. 2004ರಲ್ಲಿ 115 ವ್ಯಾಟಿನ ಪೆಂಟಿಯಂ 4 ಬಂದಾಗ ಅದನ್ನೇ ಒಲೆ ಎಂದು ಗೇಲಿ ಮಾಡುತ್ತಿದ್ದೆವು!

ಹೀಟ್ ಪೈಪ್ ಎಂದರೆ ಬರಿಯ ತಾಮ್ರದ ಕಡ್ಡಿಯಲ್ಲ. ಒಳಗೆ ಟೊಳ್ಳು. ಗಾಳಿ ತೆಗೆದು ಒಂದಿಷ್ಟು ನೀರು ಸೇರಿಸಿ ಮುಚ್ಚಿರುತ್ತಾರೆ. ಚಿಪ್ಪಿನ ಕಡೆ ನೀರು ಆವಿಯಾಗಿ, ರೆಕ್ಕೆಗಳ ಕಡೆ ಮತ್ತೆ ನೀರಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದ ಒಳಬದಿಯಲ್ಲಿ ಆವಿ ಹನಿಯಾಗಿ ತೊಟ್ಟಿಕ್ಕುವುದನ್ನು ನೋಡಿದ್ದೀರಲ್ಲ, ಅದೇ ತತ್ತ್ವ.

ನೀರಿನ ಕೂಲರ್ ಕೊಂಡರೆ ಚೆನ್ನೈ ಸೆಕೆಯಿಂದ ಪಾರಾದೆವು ಎಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಆ ನೀರೂ ಕೊನೆಗೆ ರೇಡಿಯೇಟರಿನಲ್ಲಿ ಇದೇ 37 ಡಿಗ್ರಿಯ ಗಾಳಿಗೆ ಶಾಖ ಕೊಡಬೇಕು. ದೊಡ್ಡ ರೇಡಿಯೇಟರ್ ಇದ್ದರೆ ಹೆಚ್ಚು ವ್ಯಾಟ್ ಹೊರುತ್ತದೆ, ಅದು ಅದರ ಲಾಭ. ಆದರೆ ಪಂಪು ಕೆಡಬಹುದು, ವರ್ಷಗಳು ಕಳೆದಂತೆ ನೀರು ತುಸು ತುಸುವೇ ಆರಿ ಕಡಿಮೆಯಾಗುತ್ತದೆ. ಗೋಪುರದ ಕೂಲರಿನಲ್ಲಿ ಕೆಡುವುದು ಫ್ಯಾನ್ ಒಂದೇ, ಅದನ್ನು ಮಾತ್ರ ಬದಲಾಯಿಸಿದರೆ ಸಾಕು. ಇನ್ನು ಮಂಜುಗಡ್ಡೆ, ಶೀತಲಯಂತ್ರ ಎಂದು ಕೋಣೆಗಿಂತ ತಣ್ಣಗೆ ಮಾಡಲು ಹೊರಡುವ ಸಾಹಸಿಗಳಿಗೆ ಎಚ್ಚರಿಕೆ. ಈ ಊರಿನ ಕಡಲಗಾಳಿಯಲ್ಲಿ ತಣ್ಣೀರಿನ ಲೋಟ ಹೊರಗಡೆ ಬೆವರುವುದನ್ನು ದಿನವೂ ನೋಡುತ್ತೀರಿ. ಚಿಪ್ಪಿನ ಸುತ್ತಲೂ ಹಾಗೆ ಬೆವರಿದರೆ ಮದರ್‌ಬೋರ್ಡ್ ಉಳಿಯುವುದಿಲ್ಲ.

ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬಗ್ಗೆ ಎರಡು ಮಾತು. ಕಣ್ಣಿಗೆ ಕಾಣದ ಸಣ್ಣ ಸಂದುಗಳಲ್ಲಿ ಗಾಳಿ ನಿಲ್ಲದಂತೆ ತುಂಬುವುದಷ್ಟೇ ಅದರ ಕೆಲಸ. ವೀಳ್ಯದೆಲೆಗೆ ಸುಣ್ಣ ಹಚ್ಚಿದ ಹಾಗೆ ಹದವಾಗಿರಬೇಕು. ಬಟಾಣಿ ಕಾಳಿನಷ್ಟಿಟ್ಟು ಕೂಲರನ್ನು ನೇರವಾಗಿ ಕೂರಿಸಿ, ಸ್ಕ್ರೂಗಳನ್ನು ಅಡ್ಡಡ್ಡ ಜೋಡಿಯಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ತಳದ ಪ್ಲಾಸ್ಟಿಕ್ ಹಾಳೆ ತೆಗೆಯಲು ಮರೆಯಬೇಡಿ. ನಗಬೇಡಿ, ಬಹಳ ಜನ ಮರೆಯುತ್ತಾರೆ.

ಮೌಂಟ್ ರೋಡಿನ ಪಕ್ಕದ ರಿಚಿ ಸ್ಟ್ರೀಟ್ ನಿಮಗೆ ಗೊತ್ತು. ಅಲ್ಲಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ. ಒಂದು, ಪ್ರೊಸೆಸರಿನ ಹೆಸರು, ಓವರ್‌ಕ್ಲಾಕ್ ಮಾಡಿದ ಮೇಲೆ ಅದು ಎಳೆಯುವ ವ್ಯಾಟ್. ಎರಡು, ಸಾಕೆಟ್ಟಿನ ಹೆಸರು. ಉದಾಹರಣೆಗೆ 2021ರಲ್ಲಿ ಬಂದ ಎಲ್‌ಜಿಎ 1700ರಲ್ಲಿ ತೂತುಗಳ ಅಂತರ 78 ಮಿಲಿಮೀಟರ್, ಅದರ ಹಿಂದಿನದರಲ್ಲಿ 75. ಹಳೆಯ ಕೂಲರಿಗೆ ಹೊಸ ಬ್ರಾಕೆಟ್ ಇಲ್ಲದೆ ಕೂರುವುದಿಲ್ಲ. ಮೂರು, ಕ್ಯಾಬಿನೆಟ್ಟಿನಲ್ಲಿ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಎಂಬ ಅಳತೆ. ನಾಕ್ಟುವಾ ಎನ್‌ಎಚ್-ಡಿ15 ಎಂಬ ಹೆಸರಾಂತ ಕೂಲರ್ 165 ಮಿಲಿಮೀಟರ್ ಎತ್ತರ, ಫ್ಯಾನ್ ಸೇರಿ 1320 ಗ್ರಾಂ ತೂಕ. ಅಂಥದ್ದನ್ನು ಕೂರಿಸಿಕೊಂಡು ಬೆಂಗಳೂರಿಗೆ ಬಸ್ಸಿನಲ್ಲಿ ಒಯ್ಯುವುದಾದರೆ ಕೂಲರ್ ಬಿಚ್ಚಿ ಬೇರೆ ಕಟ್ಟಿಕೊಳ್ಳಿ, ಇಲ್ಲವಾದರೆ ಕುಲುಕಾಟಕ್ಕೆ ಮದರ್‌ಬೋರ್ಡ್ ಬಿರುಕು ಬಿಟ್ಟೀತು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಕೋಣೆಯ ಉಷ್ಣತೆ. ಗೋಡೆಗೆ ಒಂದು ಅಗ್ಗದ ಥರ್ಮಾಮೀಟರ್ ತೂಗುಹಾಕಿದರೆ ಸಾಕು. ಆಮೇಲೆ ನಾನು ಹೇಳಿದ ಲೆಕ್ಕ ಹಾಕಿ. ಮೇಲ್ಮಿತಿಗಿಂತ ಹತ್ತು ಡಿಗ್ರಿಯಾದರೂ ಕೆಳಗೆ ನಿಲ್ಲುವ ಕೂಲರನ್ನೇ ಕೇಳಿ.

ಲೆಕ್ಕ ಹೊಂದದಿದ್ದರೆ? ಹೆಚ್ಚು ಹಣ ಸುರಿಯುವ ಮುಂಚೆ ವೋಲ್ಟೇಜ್ ಇಳಿಸಿ ನೋಡಿ. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದೆನಲ್ಲ, ಇಳಿಯುವುದೂ ಹಾಗೆಯೇ. ತುಸು ವೇಗ ಬಿಟ್ಟುಕೊಟ್ಟರೆ ಬಹಳ ಬಿಸಿ ಕಡಿಮೆಯಾಗುತ್ತದೆ. ಬಯಾಸ್‌ನಲ್ಲಿ ಎರಡು ಸೆಟ್ಟಿಂಗ್ ಉಳಿಸಿಡಿ, ಮಾರ್ಗಳಿ ಚಳಿಗೊಂದು, ಕತ್ತಿರಿ ಬಿಸಿಲಿಗೊಂದು. ನಾವು ಬೇಸಿಗೆಯಲ್ಲಿ ಹತ್ತಿಬಟ್ಟೆ ಉಡುವುದಿಲ್ಲವೇ? ವಾರಂಟಿಯ ನಿಯಮಗಳನ್ನೂ ಓದಿಕೊಳ್ಳಿ, ಓವರ್‌ಕ್ಲಾಕಿನಿಂದಾದ ಹಾನಿಗೆ ಅದು ಒದಗದಿರಬಹುದು.

ಕೊನೆಯ ಮಾತು ಧೂಳಿನದು. ಯುಗಾದಿಗೆ ಮನೆ ಚೊಕ್ಕಟ ಮಾಡುವಾಗ ಕಂಪ್ಯೂಟರನ್ನೂ ಲೆಕ್ಕಕ್ಕೆ ಸೇರಿಸಿ. ಪ್ಲಗ್ ತೆಗೆದು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತಗಿನ ಬ್ರಷ್ಷಿನಿಂದ ರೆಕ್ಕೆಗಳ ಧೂಳು ತೆಗೆಯಿರಿ. ಬೇಸಿಗೆಗೆ ಸರಿಯಾಗಿ ಯಂತ್ರ ಸಿದ್ಧವಾಗುತ್ತದೆ.

ನನ್ನ ಮಗ ಈಗ ಏನು ಮಾಡಿದ್ದಾನೆ ಎಂದು ಕೇಳುವಿರಿ. ದೊಡ್ಡ ಗೋಪುರದ ಕೂಲರ್ ಹಾಕಿದ. ಕ್ಯಾಬಿನೆಟ್ಟಿನ ಮುಂದೆ ಎರಡು ಫ್ಯಾನ್ ಒಳಗಾಳಿಗೆ, ಹಿಂದೆ ಒಂದು ಹೊರಗಾಳಿಗೆ. ಬೇಸಿಗೆಯಲ್ಲಿ ವೇಗವನ್ನು ಅಣ್ಣನ ಮಗನದಕ್ಕಿಂತ ಸ್ವಲ್ಪ ಕೆಳಗೇ ಇಟ್ಟುಕೊಳ್ಳುತ್ತಾನೆ. ಎಕ್ಸ್‌ಪೋರ್ಟ್ ಮುಗಿಯಲು ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಆದರೆ ಬೆಳಿಗ್ಗೆ ಎದ್ದಾಗ ಕೆಲಸ ಮುಗಿದಿರುತ್ತದೆ. ಬೆಂಗಳೂರಿನ ಚೀಟಿಯನ್ನು ಅವನು ಹರಿದು ಹಾಕಿಲ್ಲ, ಅದರ ಹಿಂಬದಿಯಲ್ಲಿ ನಮ್ಮ ಕೋಣೆಯ ಉಷ್ಣತೆ ಬರೆದು ಗೋಡೆಗೆ ಅಂಟಿಸಿದ್ದಾನೆ.