ಪಂಜರದ ಜೇನು, ಗೂಡಿನ ಲೆಕ್ಕ



ಚಾರ್ಟರ್ಡ್ ಅಕೌಂಟೆಂಟಿಗೆ ಜೇನಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಮ್ಮ ಮಾರ್ಗನ್ ಹಿಲ್ ಸುತ್ತ ಇನ್ನೂ ಚೆರ್ರಿ ತೋಟಗಳಿವೆ. ಜೇನು ಬಾರದಿದ್ದರೆ ಅಲ್ಲಿ ಕಾಯಿ ಕಚ್ಚುವುದಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ತುಡುವೆ ಜೇನಿನ ಪೆಟ್ಟಿಗೆಗಳು ಖಾಲಿಯಾದದ್ದು ಕೊಡಗು, ದಕ್ಷಿಣ ಕನ್ನಡದವರಿಗೆ ನೆನಪಿರಬಹುದು. ಹುಳುವಿನ ರೋಗನಿರೋಧಕ ಶಕ್ತಿಯೆಂದರೆ ಸಾಕುವವರ ಅನ್ನ.

ತೋಟದ ಔಷಧಿ ಜೇನಿಗೆ ಎಷ್ಟು ಅಪಾಯ ಎಂದು ಹೇಳುವ ಮೊದಲ ಅಂಕಿ ಬರುವುದು ಪ್ರಯೋಗಾಲಯದಿಂದ. 1998ರ ಒಇಸಿಡಿ ಮಾರ್ಗಸೂಚಿಯಂತೆ ಕೆಲಸಗಾರ ಜೇನುಗಳನ್ನು ಪಂಜರದಲ್ಲಿಟ್ಟು, ಸಕ್ಕರೆ ಪಾಕದಲ್ಲಿ ಔಷಧಿ ಬೆರೆಸಿ ಕೊಟ್ಟು, ಕನಿಷ್ಠ 48 ಗಂಟೆ ಸಾವನ್ನು ಎಣಿಸುತ್ತಾರೆ. ಎಣಿಕೆ ಸರಿಯೇ. ಆದರೆ ಆ ಹುಳು ಎಲ್ಲಿ ಬೆಳೆದದ್ದು?

ಆಗತಾನೇ ಕೋಶದಿಂದ ಹೊರಬಂದ ಜೇನಿನ ಕರುಳಿನ ಖಾತೆಯಲ್ಲಿ ಆರಂಭ ಶಿಲ್ಕು ಹೆಚ್ಚುಕಡಿಮೆ ಸೊನ್ನೆ. ಗೂಡಿನಲ್ಲಿ ಅಕ್ಕಂದಿರ ಸಹವಾಸ, ಎರಿಯ ಸ್ಪರ್ಶ, ಮಲದ ಕಣಗಳಿಂದ ಕೆಲವೇ ದಿನಗಳಲ್ಲಿ ಸ್ನಾಡ್‌ಗ್ರಾಸೆಲ್ಲಾ, ಗಿಲಿಯಾಮೆಲ್ಲಾ ಮುಂತಾದ ಬ್ಯಾಕ್ಟೀರಿಯಗಳು ಅಲ್ಲಿ ಬೀಡುಬಿಡುತ್ತವೆ. ರೋಗಾಣು ಕೊಲ್ಲುವ ಪೆಪ್ಟೈಡ್‌ಗಳನ್ನು ತಯಾರಿಸುವಂತೆ ಇವು ಹುಳುವಿನ ದೇಹವನ್ನು ಎಚ್ಚರಿಸುತ್ತವೆ ಎಂದು ಟೆಕ್ಸಾಸ್ ವಿಶ್ವವಿದ್ಯಾಲಯದ ನ್ಯಾನ್ಸಿ ಮೊರಾನ್ ಅವರ ತಂಡ 2017ರಲ್ಲಿ ತೋರಿಸಿತು.

ಮರಿಗಳಿರುವ ಎರಿಯನ್ನು ಇನ್‌ಕ್ಯುಬೇಟರಿನಲ್ಲಿಟ್ಟು, ಹೊರಬಂದ ಹುಳುಗಳನ್ನು ನೇರವಾಗಿ ಪಂಜರಕ್ಕೆ ಬಿಟ್ಟರೆ ಬಿಸುಪು ಸಿಗುತ್ತದೆ, ಪಾಕ ಸಿಗುತ್ತದೆ, ಅಕ್ಕಂದಿರು ಸಿಗುವುದಿಲ್ಲ. ಅದಕ್ಕೇ ಬಲ್ಲ ಸಂಶೋಧಕರು ಗೂಡಿನ ಜೇನಿನ ಕರುಳಿನ ಅಂಶವನ್ನು ಪಾಕದಲ್ಲಿ ಬೆರೆಸಿ ಕೊಡುತ್ತಾರೆ.

ಇದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ಗ್ಲೈಫೋಸೇಟ್ ಕಳೆನಾಶಕ ಜೇನಿನ ಕರುಳಿನ ಸ್ನಾಡ್‌ಗ್ರಾಸೆಲ್ಲಾವನ್ನು ಕುಗ್ಗಿಸುತ್ತದೆ ಎಂದು ಅದೇ ತಂಡ 2018ರಲ್ಲಿ ವರದಿ ಮಾಡಿತು. ಅಂಥ ಎಳೆಯ ಹುಳುಗಳಿಗೆ ಆಮೇಲೆ ಸೆರಾಷಿಯಾ ರೋಗಾಣು ತಗುಲಿದಾಗ ಹೆಚ್ಚು ಸಾವಾಯಿತು. ಕರುಳಿನಲ್ಲಿ ಬ್ಯಾಕ್ಟೀರಿಯವೇ ಇಲ್ಲದ ಹುಳುವಿನಲ್ಲಿ ಈ ನಷ್ಟ ಕಾಣುವುದೇ ಇಲ್ಲ. ಇಲ್ಲದ ಆಸ್ತಿ ಕಳೆದುಹೋಯಿತೆಂದು ಯಾವ ಪುಸ್ತಕದಲ್ಲೂ ಬರೆಯಲಾಗದು.

ಪಂಜರ ಬೇಡವೆಂದು ನಾನು ಹೇಳುತ್ತಿಲ್ಲ. ಈ ಸಂಗತಿಗಳು ತಿಳಿದದ್ದೂ ಪಂಜರದಿಂದಲೇ. ಬ್ಯಾಲೆನ್ಸ್ ಶೀಟಿಗೆ ಟಿಪ್ಪಣಿ ಇರುವ ಹಾಗೆ, ಪ್ರತಿ ಫಲಿತಾಂಶದ ಜೊತೆ ಮೂರು ಉತ್ತರ ಇರಲಿ: ಹುಳುವಿನ ವಯಸ್ಸೆಷ್ಟು, ಮೊದಲ ದಿನಗಳನ್ನು ಯಾರ ಜೊತೆ ಕಳೆಯಿತು, ಏನು ತಿಂದಿತು? ಬಯೋಟೆಕ್‌ನಲ್ಲಿ, ಡೇಟಾ ಕೆಲಸದಲ್ಲಿ ದುಡಿಯುವವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. "ಜೇನಿಗೆ ಸುರಕ್ಷಿತ" ಎಂಬ ಮಾತು ಕಣ್ಣಿಗೆ ಬಿದ್ದಾಗ ಈ ಮೂರನ್ನು ಕೇಳಿ. ಉತ್ತರ ಬರುವವರೆಗೆ ರುಜು ಹಾಕಬೇಡಿ.