ನೀಲಗಿರಿಯ ಜೌಗಿನಂಚಿನಲ್ಲಿ ಒಂದು ಚಳಿಗಾಲದ ನಡಿಗೆ



ಚಳಿಗಾಲದ ಮುಂಜಾವಿನಲ್ಲಿ ಕಂಬಳಿ ಬಿಟ್ಟು ಏಳುವುದು ಯಾರಿಗೂ ಬೇಡದ ಕೆಲಸ. ಅಂಥದರಲ್ಲಿ ಐದು ಗಂಟೆಗೆ ಎದ್ದು, ಬುತ್ತಿ ಕಟ್ಟಿಕೊಂಡು, ಮೂಳೆ ನಡುಗಿಸುವ ಚಳಿಯಲ್ಲಿ ಕಾಡು ಹೊಕ್ಕು, ಕಾಲಿಟ್ಟರೆ ಹೂತುಹೋಗುವ ಜೌಗು ನೆಲವನ್ನು ನೋಡಿಬರೋಣ ಬನ್ನಿ ಎಂದು ನಾನು ಕರೆದರೆ ನೀವು ನಗಬಹುದು. ಕಳೆದ ಜನವರಿಯಲ್ಲಿ ತಾಳವಾಡಿ ಕಡೆಯ ಹನ್ನೊಂದು ಮಂದಿ ಯುವಕ ಯುವತಿಯರು ನಗದೆ ಬಂದರು. ಅವರಿಗೆ ದಾರಿ ತೋರಿಸಲೆಂದು ಹೋದ ನಾನೇ ಒಂದು ಪಾಠ ಕಲಿತು ಬಂದೆ. ಇಂದು ನಿಮಗೆ ಅದನ್ನೇ ಹೇಳಬೇಕೆಂದಿದ್ದೇನೆ.

ನಾನು ನೀಲಗಿರಿಯ ರೈತರ ಮನೆಯವನು. ಮನೆಯಲ್ಲಿ ಬಡಗು ಮಾತು, ಶಾಲೆಯಲ್ಲಿ ತಮಿಳು, ಓದಿನ ರುಚಿ ಹತ್ತಿದ್ದು ಕನ್ನಡದಲ್ಲಿ. ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ, ಬೆಟ್ಟ ಹತ್ತಿ ಬಂದವರಾದ್ದರಿಂದ ನಾವು ಬಡಗರಾದೆವು ಎಂದು ಹಿರಿಯರು ಹೇಳುತ್ತಿದ್ದರು. ನೀಲಗಿರಿಯ ನಕ್ಷೆ ತೆರೆದು ನೋಡಿ. ದೊಡ್ಡಬೆಟ್ಟ, ಕೋಲಾರಿಬೆಟ್ಟ, ದೇವರಬೆಟ್ಟ ಎಂಬ ಹೆಸರುಗಳು ಕಾಣುತ್ತವೆ. ಇವುಗಳ ಅರ್ಥವನ್ನು ನಿಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾವು ಹೋದದ್ದು ಊಟಿಯಿಂದ ನೈಋತ್ಯಕ್ಕಿರುವ ಅವಲಾಂಚಿಯ ಆಚೆಗಿನ ಕಾಡಿಗೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ಬೆಟ್ಟವೊಂದು ಕುಸಿದದ್ದರಿಂದ ಇಂಗ್ಲಿಷರು ಇಟ್ಟ ಹೆಸರು ಅದು. ಆ ಕಡೆ ಮನಸ್ಸು ಬಂದಂತೆ ನುಗ್ಗುವಂತಿಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೆ ಕಾವಲುಗಾರರೊಬ್ಬರು ಬೇಕು. ನಾವು ಎರಡನ್ನೂ ಪಡೆದುಕೊಂಡಿದ್ದೆವು.

ಬೆಳಗಿನ ಜಾವ ವಾಹನ ಇಳಿದಾಗ ಒಂದು ಹುಡುಗಿ, 'ಮೇಷ್ಟ್ರೇ, ತಗ್ಗಿನಲ್ಲಿ ಯಾರೋ ಉಪ್ಪು ಚೆಲ್ಲಿದ್ದಾರೆ' ಎಂದಳು. ಉಪ್ಪಲ್ಲ, ಹೆಪ್ಪುಗಟ್ಟಿದ ಇಬ್ಬನಿ. ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳಲ್ಲಿ ಊಟಿ ಸುತ್ತಿನ ತಗ್ಗುಗಳಲ್ಲಿ ಉಷ್ಣಾಂಶ ಸೊನ್ನೆಗೆ ಇಳಿಯುತ್ತದೆ. ಗುಡ್ಡದ ಮೇಲಿಲ್ಲದ ಹಿಮ ತಗ್ಗಿನಲ್ಲಿ ಏಕೆ ಎಂದು ನೀವೂ ಕೇಳಬಹುದು. ಮೋಡವಿಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ತಣ್ಣಗಾದ ಗಾಳಿ ಭಾರವಾಗಿ, ನೀರು ಹರಿದಂತೆಯೇ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಹಾಗಾಗಿ ಗುಡ್ಡದ ನೆತ್ತಿಗಿಂತ ಕಣಿವೆಯಲ್ಲೇ ಚಳಿ ಹೆಚ್ಚು.

ಅಲ್ಲಿನ ನೆಲದ ರೂಪವನ್ನೂ ಸ್ವಲ್ಪ ಹೇಳುತ್ತೇನೆ. ಎರಡು ಸಾವಿರ ಮೀಟರಿಗೂ ಮೇಲಿನ ಆ ಪ್ರದೇಶದಲ್ಲಿ ಗುಡ್ಡದ ಮೈಯೆಲ್ಲ ಹುಲ್ಲು. ಗುಡ್ಡ ಗುಡ್ಡಗಳ ಮಡಿಕೆಯಲ್ಲಿ ಮಾತ್ರ ದಟ್ಟವಾದ ಕುಳ್ಳು ಮರಗಳ ಕಾಡು. ಇದಕ್ಕೆ ಶೋಲಾ ಎನ್ನುತ್ತಾರೆ. ಅದರ ಕೆಳಗೆ, ನೀರು ನಿಲ್ಲುವ ಚಪ್ಪಟೆ ಜಾಗದಲ್ಲಿ ಜೌಗು. ಕಾಡೇಕೆ ಮಡಿಕೆಯಲ್ಲಷ್ಟೇ ಉಳಿಯಿತು, ಬಯಲಿಗೇಕೆ ಹಬ್ಬಲಿಲ್ಲ ಎಂಬುದಕ್ಕೆ ಸಿ. ಆರ್. ರಂಗನಾಥನ್ ಎಂಬ ಅರಣ್ಯಾಧಿಕಾರಿ 1938ರಲ್ಲಿ ಬರೆದ ಲೇಖನದಲ್ಲಿ ಒಂದು ಕಾರಣ ಕೊಟ್ಟರು. ಬಯಲಿನಲ್ಲಿ ಹುಟ್ಟಿದ ಶೋಲಾ ಮರದ ಸಸಿಯನ್ನು ಈ ಹಿಮವೇ ಸುಟ್ಟುಬಿಡುತ್ತದೆ ಎಂದರು. ಬೆಂಕಿಯೂ ಮೇವೂ ಕಾರಣವೆನ್ನುವವರೂ ಇದ್ದಾರೆ. ನಮ್ಮ ಬೂಟಿನ ಕೆಳಗೆ ಗರಗರ ಎನ್ನುತ್ತಿದ್ದ ಆ ಹುಲ್ಲನ್ನು ಮುಟ್ಟಿ ನೋಡಿದವರಿಗಂತೂ ರಂಗನಾಥನ್ ಅವರ ಮಾತು ಬೇಗ ಅರ್ಥವಾಗುತ್ತದೆ.

ಬಿಸಿಲು ಏರುವ ಹೊತ್ತಿಗೆ ನಾವು ಶೋಲಾದ ಒಳಗಿದ್ದೆವು. ಒಳಗೆ ಕತ್ತಲು, ಆದರೆ ಹೊರಗಿನಷ್ಟು ಚಳಿಯಿಲ್ಲ. ಕೊಂಬೆಕೊಂಬೆಗೂ ಹಾವಸೆ, ಅದರ ಮೇಲೆ ಜರಿಗಿಡ. ಎಲ್ಲೋ ಕರಿಮುಸುವನ ಹೂಂಕಾರ. ಕಾಡಿನ ಅಂಚಿನ ಹುಲ್ಲಿನಲ್ಲಿ ರೋಡೊಡೆಂಡ್ರಾನ್ ಮರವೊಂದು ಕೆಂಪು ಹೂ ಬಿಟ್ಟು ನಿಂತಿತ್ತು. ಹುಡುಗರು ಪಟ ತೆಗೆದುಕೊಂಡರು. ಆಮೇಲೆ ಕಾಡು ಮುಗಿದು ಜೌಗು ಕಾಣಿಸಿತು.

ಜೌಗೆಂದರೆ ನಿಮಗೆ ಹೊಸದೇನಲ್ಲ. ಮೈಸೂರು, ಕೊಡಗಿನ ಕಾಡಂಚಿನವರು ಹಡ್ಲು ಎನ್ನುತ್ತಾರೆ. ವಯನಾಡಿನವರಿಗೆ ಅದು ವಯಲು. ಆದರೆ ನೀಲಗಿರಿಯ ಎತ್ತರದ ಜೌಗಿಗೆ ಇನ್ನೊಂದು ವಿಶೇಷವಿದೆ. ಅಲ್ಲಿ ಚಳಿ ಹೆಚ್ಚು, ನೀರು ಸದಾ ನಿಂತಿರುತ್ತದೆ, ನೀರಿನೊಳಕ್ಕೆ ಗಾಳಿ ಸರಿಯಾಗಿ ಇಳಿಯದು. ಹಾಗಾಗಿ ಸತ್ತ ಹುಲ್ಲು, ಜೊಂಡು ಪೂರ್ತಿ ಕೊಳೆಯುವುದಿಲ್ಲ. ವರ್ಷ ವರ್ಷವೂ ಒಂದರ ಮೇಲೊಂದು ಕುಳಿತು ಕಪ್ಪಗೆ, ಸ್ಪಂಜಿನ ಹಾಗೆ ಆಗುತ್ತದೆ. ಇದನ್ನೇ ಪೀಟ್ ಎನ್ನುತ್ತಾರೆ. ಉತ್ತರ ಯೂರೋಪಿನ ಚಳಿದೇಶಗಳಲ್ಲಿ ಇದು ಧಾರಾಳ. ನಮ್ಮ ದಕ್ಷಿಣ ದೇಶದಲ್ಲಿ ಅಪರೂಪ.

ಇದರ ವಯಸ್ಸು ಕೇಳಿದರೆ ನೀವು ಬೆರಗಾಗುತ್ತೀರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಪೀಟನ್ನು ಪದರ ಪದರವಾಗಿ ತೆಗೆದು ಪರೀಕ್ಷಿಸಿ, 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಅಡಿಯ ಪದರಗಳು ಸುಮಾರು 20,000 ವರ್ಷ ಹಳೆಯವು. ಅವರು ನೋಡಿದ್ದು ಇಂಗಾಲದ ಎರಡು ರೂಪಗಳನ್ನು, ಹಗುರವಾದದ್ದು ಮತ್ತು ಸ್ವಲ್ಪ ಭಾರವಾದದ್ದು. ಮರಗಳಲ್ಲಿ, ಬತ್ತ, ಗೋಧಿಯಂಥ ಹುಲ್ಲುಗಳಲ್ಲಿ ಭಾರದ ಇಂಗಾಲ ಕಡಿಮೆ. ರಾಗಿ, ಜೋಳ, ಕಬ್ಬಿನ ಬಗೆಯ, ಒಣ ಹವೆಯನ್ನು ತಾಳಿಕೊಳ್ಳುವ ಹುಲ್ಲುಗಳಲ್ಲಿ ಅದು ಹೆಚ್ಚು. ಯಾವ ಪದರದಲ್ಲಿ ಯಾವುದು ಹೆಚ್ಚಿದೆ ಎಂದು ನೋಡಿದರೆ ಆ ಕಾಲದಲ್ಲಿ ಅಲ್ಲಿ ಏನು ಬೆಳೆದಿತ್ತು, ಮಳೆ ಹೇಗಿತ್ತು ಎಂಬುದು ತಿಳಿಯುತ್ತದೆ. ಹಿಮಯುಗದ ಕೊನೆಯ ಒಣಗಾಲ, ಸುಮಾರು 11,000 ವರ್ಷಗಳ ಹಿಂದೆ ಜೋರಾದ ಮುಂಗಾರು, ಆಮೇಲೆ ಸುಮಾರು 6,000ದಿಂದ 3,500 ವರ್ಷಗಳ ಹಿಂದಿನವರೆಗೆ ಮತ್ತೆ ಒಣಗಾಲ. ಇದೆಲ್ಲ ಆ ಕಪ್ಪು ಮಣ್ಣಿನಲ್ಲಿ ದಾಖಲಾಗಿದೆ. ನಮ್ಮ ಊರಿನ ಹಳೆಯ ಕಾಗದಪತ್ರಗಳು ಎಷ್ಟು ತಲೆಮಾರು ಹಿಂದಕ್ಕೆ ಹೋಗುತ್ತವೆ, ನೀವೇ ಯೋಚಿಸಿ.

ಈ ಕತೆಯನ್ನು ನಾನು ಹುಡುಗರಿಗೆ ಹೇಳುತ್ತಿದ್ದಾಗಲೇ ಅವಘಡವೊಂದು ನಡೆಯಿತು. ಜೌಗನ್ನು ದಾಟಬೇಡಿ, ಅಂಚು ಹಿಡಿದು ಸುತ್ತಿ ಬನ್ನಿ, ಒಬ್ಬರ ಹಿಂದೆ ಒಬ್ಬರು ನಡೆಯಿರಿ ಎಂದು ಕಾವಲುಗಾರರು ಮೊದಲೇ ಹೇಳಿದ್ದರು. ಹಿಂದುಳಿದಿದ್ದ ಒಬ್ಬ ಹುಡುಗ ನಮ್ಮನ್ನು ಸೇರಿಕೊಳ್ಳುವ ಅವಸರದಲ್ಲಿ ನಡುವೆಯೇ ಬಂದ. ಮೇಲೆ ಹಸಿರು ಹುಲ್ಲು, ಗಟ್ಟಿ ನೆಲದಂತೆಯೇ ಕಾಣುತ್ತದೆ. ನಾಲ್ಕು ಹೆಜ್ಜೆಗೆ ಒಂದು ಕಾಲು ತೊಡೆಯವರೆಗೆ ಇಳಿಯಿತು. ಗಾಬರಿಯಿಂದ ಒದ್ದಾಡಿದ. ಒದ್ದಾಡಿದಷ್ಟೂ ಕೆಸರು ಹಿಡಿಯಿತು. ನಮ್ಮ ಕಾವಲುಗಾರರು ಕೂಗಾಡಲಿಲ್ಲ. 'ಅಲುಗಬೇಡ, ಹಿಂದಕ್ಕೆ ಒರಗಿ ಕೂತುಕೋ' ಎಂದರು. ತಾವು ಹೊಟ್ಟೆಯ ಮೇಲೆ ಮಲಗಿ ದೊಣ್ಣೆ ಚಾಚಿದರು. ಅವರ ಕಾಲನ್ನು ನಾವಿಬ್ಬರು ಹಿಡಿದುಕೊಂಡೆವು. ಹತ್ತು ನಿಮಿಷದಲ್ಲಿ ಹುಡುಗ ಹೊರಬಂದ. ಬೂಟು ಬರಲಿಲ್ಲ. ಕಾವಲುಗಾರರು ಭುಜದವರೆಗೆ ಕೈ ಇಳಿಸಿ ಅದನ್ನೂ ತೆಗೆದರು. 'ಬಿಟ್ಟಿದ್ದರೆ ಹತ್ತು ಸಾವಿರ ವರ್ಷ ಇರುತ್ತಿತ್ತು' ಎಂದು ಯಾರೋ ಅಂದರು. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ಆ ಗುಂಡಿಗೆ ಸುತ್ತಲಿನಿಂದ ಸಣ್ಣಗೆ ನೀರು ಜಿನುಗಿ ತುಂಬುತ್ತಿತ್ತು. ಮಳೆ ನಿಂತು ವಾರಗಳಾಗಿದ್ದರೂ ಆ ನೆಲದ ತುಂಬ ನೀರಿತ್ತು. ಅದನ್ನು ನೋಡುತ್ತ ಐವತ್ತು ವರ್ಷ ಹಿಂದಿನ ಇನ್ನೊಂದು ಚಳಿಗಾಲ ನೆನಪಾಯಿತು. ಯಾರ ಹತ್ತಿರವೂ ಹೇಳದ ಮಾತನ್ನು ಬುತ್ತಿ ಬಿಚ್ಚಿದಾಗ ಹುಡುಗರ ಮುಂದೆ ಹೇಳಿದೆ. ನಿಮಗೂ ಹೇಳುತ್ತೇನೆ.

ನಮ್ಮ ಹೊಲದ ತಲೆಯಲ್ಲಿ ಇಂಥದೇ ಒಂದು ಜೌಗಿತ್ತು, ಹೆಚ್ಚೆಂದರೆ ಎರಡು ಎಕರೆ. ನಾನು ಆಗ ಹದಿನೇಳರ ಹುಡುಗ. ಆಲೂಗಡ್ಡೆಗೆ ಒಳ್ಳೆಯ ಬೆಲೆಯಿದ್ದ ಕಾಲ. ದಂಡವಾಗಿ ಬಿದ್ದಿರುವ ನೆಲವೇಕೆ ಎಂದು ಅಪ್ಪ ತೀರ್ಮಾನಿಸಿದರು. ಮಂಜು ಕರಗುವ ಮೊದಲೇ ಹೋಗಿ, ನಾನೂ ಅಪ್ಪನೂ ಮೂರಡಿ ಆಳದ ಕಾಲುವೆ ತೋಡಿದೆವು. ನೀರು ಕಪ್ಪಗೆ ಹರಿದು ಹೋಯಿತು. ಹಬ್ಬ ಮಾಡಿದಷ್ಟು ಸಂತೋಷ ನಮಗೆ. ಮೊದಲ ಎರಡು ವರ್ಷದ ಬೆಳೆ ನೋಡಿ ಊರೇ ಹೊಟ್ಟೆಕಿಚ್ಚುಪಟ್ಟಿತು.

ಆಮೇಲೆ ಮಣ್ಣು ಕುಗ್ಗತೊಡಗಿತು. ನೀರು ಹೋದ ಪೀಟಿಗೆ ಗಾಳಿ ಸೇರಿದರೆ, ಸಾವಿರಾರು ವರ್ಷ ಕೊಳೆಯದೆ ಉಳಿದದ್ದು ಕೊಳೆಯಲು ಶುರುವಾಗುತ್ತದೆ. ಅದರಲ್ಲಿದ್ದ ಇಂಗಾಲ ಗಾಳಿಗೆ ಹೋಗುತ್ತದೆ, ನೆಲ ಕೆಳಗಿಳಿಯುತ್ತದೆ. ಇದೆಲ್ಲ ಆಗ ನಮಗೆ ತಿಳಿಯದು. ಕೆಳಗಿನ ಊರಿನ ಒರತೆ ಮಾರ್ಚಿಗೇ ಬತ್ತುವುದು ಮಾತ್ರ ಕಣ್ಣಿಗೆ ಬಿತ್ತು. ಆ ಊರಿಗೆ ಕೊಟ್ಟಿದ್ದ ನನ್ನ ಸೋದರತ್ತೆ ಕೊಡ ಹೊತ್ತು ಮೈಲಿಗಟ್ಟಲೆ ನಡೆಯಬೇಕಾಯಿತು. ಒಮ್ಮೆ ನಮ್ಮ ಮನೆಗೆ ಬಂದವಳು ತಟ್ಟೆಯಲ್ಲಿದ್ದ ಪಲ್ಯವನ್ನು ನೋಡಿ, 'ನಮ್ಮ ನೀರು ಕುಡಿದ ಗಡ್ಡೆ ಅಲ್ಲವಾ ಇದು?' ಎಂದಳು. ಕೋಪದಿಂದ ಅಂದದ್ದಲ್ಲ. ಅಪ್ಪ ತಲೆ ತಗ್ಗಿಸಿದರು. ನಾನು ಎದ್ದು ಹೊರಗೆ ಹೋದೆ.

ನಾವೊಬ್ಬರೇ ಮಾಡಿದ್ದಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಎಷ್ಟೋ ಜೌಗುಗಳು ತರಕಾರಿ ಹೊಲವಾದವು. ಹುಲ್ಲುಗಾವಲಿನ ಮೇಲೆ ಆಸ್ಟ್ರೇಲಿಯಾದ ವಾಟಲ್ ಮರ, ನೀಲಗಿರಿ ಮರಗಳನ್ನು ನೆಟ್ಟರು. 1960ರ ದಶಕದಲ್ಲಿ ಕುಂದಾ ವಿದ್ಯುತ್ ಯೋಜನೆಯ ಜಲಾಶಯಗಳಲ್ಲಿ ಎಷ್ಟೋ ಕಣಿವೆಗಳು ಮುಳುಗಿದವು. ತೋಡರು ತಮ್ಮ ಪವಿತ್ರ ಹಾಲಿನ ಗುಡಿಗಳಿಗೆ ಹೊದಿಸುವ ಹುಲ್ಲು ಜೌಗಿನಲ್ಲೇ ಬೆಳೆಯುವಂಥದು. ಅದನ್ನು ಈಗ ಹುಡುಕಿಕೊಂಡು ಹೋಗಬೇಕಾಗಿದೆ. ಆದರೆ ನಮ್ಮ ಕಾಲುವೆಯನ್ನು ತೋಡಿದ ಗುದ್ದಲಿ ನನ್ನ ಕೈಯಲ್ಲಿತ್ತು.

ನಾವು ಬುತ್ತಿ ಉಂಡ ಜಾಗಕ್ಕೆ ಸಮೀಪದ ಅವಲಾಂಚಿಯಲ್ಲಿ 2019ರ ಆಗಸ್ಟ್ 8ರಂದು ಒಂದೇ ದಿನ 820 ಮಿಲಿಮೀಟರ್ ಮಳೆ ದಾಖಲಾಯಿತು. ಮಳೆ ಅಷ್ಟು ಸುರಿದಾಗ ಯಾವ ನೆಲವೂ ಎಲ್ಲವನ್ನೂ ಹಿಡಿಯಲಾರದು, ನಿಜ. ಆದರೆ ಸಾಧಾರಣ ವರ್ಷದಲ್ಲಿ ಮುಂಗಾರಿನ ನೀರನ್ನು ಹೀರಿಕೊಂಡು, ಬೇಸಿಗೆಯವರೆಗೆ ಚೂರುಚೂರಾಗಿ ಬಿಡುವುದು ಈ ಹುಲ್ಲು, ಶೋಲಾ ಮತ್ತು ಜೌಗು ಮೂರೂ ಸೇರಿ. ನೀಲಗಿರಿಯ ನೀರು ಒಂದು ಕಡೆ ಪೈಕಾರಾ ಹೊಳೆಯಾಗಿ ಇಳಿದು ಮೋಯಾರ್ ಆಗುತ್ತದೆ, ಇನ್ನೊಂದು ಕಡೆ ಭವಾನಿಯಾಗುತ್ತದೆ. ಎರಡೂ ಭವಾನಿಸಾಗರದಲ್ಲಿ ಕೂಡಿ ಕಾವೇರಿಗೆ ಸೇರುತ್ತವೆ. ತಾಳವಾಡಿಯ ಮಕ್ಕಳು ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗುವಾಗ ನೋಡುವ ಹೊಳೆಯ ಮೂಲ ಅವರು ಅಂದು ಕಾಲು ಹೂತಂಥ ಇಂಥ ನೆಲಗಳೇ.

ನನ್ನ ಮಾತು ಮುಗಿದ ಮೇಲೆ ಯಾರೂ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಬೂಟು ಕಳೆದುಕೊಂಡಿದ್ದ ಹುಡುಗನೇ ಕೇಳಿದ: 'ಆ ಕಾಲುವೆ ಈಗಲೂ ಇದೆಯಾ ಮೇಷ್ಟ್ರೇ?'

ಇತ್ತು. ನನ್ನ ಪಾಲಿಗೆ ಬಂದ ಅರ್ಧ ಎಕರೆಯಲ್ಲಿ ಬೇಸಾಯ ಬಿಟ್ಟು ವರ್ಷಗಳಾಗಿದ್ದರೂ ಕಾಲುವೆ ನೀರು ಬಸಿಯುತ್ತಲೇ ಇತ್ತು. ಅದನ್ನು ಮುಚ್ಚಬಹುದೆಂದು ನನಗೆ ಹೊಳೆದೇ ಇರಲಿಲ್ಲ ಎಂದರೆ ನೀವು ನಂಬುತ್ತೀರಾ? ಮರುದಿನ ಆ ಹನ್ನೊಂದು ಮಂದಿ ಊರಿಗೆ ಹೋಗುವ ಬಸ್ಸು ಬಿಟ್ಟು ನಮ್ಮಲ್ಲಿಗೆ ಬಂದರು. ಮೂರು ಕಡೆ ಕಲ್ಲು ಜೋಡಿಸಿ, ಬೇರುಸಹಿತ ಹುಲ್ಲಿನ ಹೆಂಟೆ ಒತ್ತಿ, ಅಡ್ಡ ಕಟ್ಟಿದರು. ಸಂಜೆಗೆ ಒಂದು ಗೇಣು ನೀರು ನಿಂತಿತು.

ಹೋದ ಪೀಟು ನನ್ನ ಕಾಲಕ್ಕೆ, ನನ್ನ ಮೊಮ್ಮಕ್ಕಳ ಕಾಲಕ್ಕೆ ಮರಳಿ ಬಾರದು. ಅದು ಸಾವಿರಾರು ವರ್ಷದ ಲೆಕ್ಕ. ಉಳಿದಿರುವುದನ್ನು ಒದ್ದೆಯಾಗಿ ಇಟ್ಟರೆ ಅದಾದರೂ ಉಳಿಯುತ್ತದೆ. ಈ ಬೇಸಿಗೆಯಲ್ಲಿ ಕೆಳಗಿನ ಒರತೆ ಏಪ್ರಿಲ್ ಎರಡನೆಯ ವಾರದವರೆಗೆ ಜಿನುಗಿತು. ಕಾಲುವೆ ಮುಚ್ಚಿದ್ದರಿಂದಲೋ, ಹಿಂಗಾರು ಚೆನ್ನಾಗಿ ಬಂದಿದ್ದರಿಂದಲೋ, ಒಂದು ವರ್ಷದಲ್ಲಿ ಹೇಳಲಾಗದು. ಸೋದರತ್ತೆ ನೋಡಲು ಇಲ್ಲ. ಅವಳ ಮಗಳು ಇದ್ದಾಳೆ. ಅವಳಿಗೆ ಹೋಗಿ ಹೇಳಿಬಂದೆ.

ಕೇಳುಗರೇ, ನೀವು ಇರುವ ಕಡೆಯೂ ಇಂಥದೊಂದು ಹಡ್ಲು, ಒಂದು ತೇವದ ತಗ್ಗು ಇದ್ದೀತು. ಈ ಚಳಿಗಾಲದಲ್ಲಿ ನಾಲ್ಕು ಜನ ಕೂಡಿ ನೋಡಿಬನ್ನಿ. ಅಂಚಿನಲ್ಲೇ ನಡೆಯಿರಿ, ಕೈಯಲ್ಲಿ ಒಂದು ಕೋಲಿರಲಿ. ಬೆಂಕಿ ಹಾಕಬೇಡಿ, ಒಣಗಿದ ಪೀಟು ಹತ್ತಿಕೊಂಡರೆ ನೆಲದೊಳಗೇ ಉರಿಯುತ್ತದೆ. ಮಳೆ ನಿಂತು ಎಷ್ಟು ದಿನವಾದರೂ ಅಲ್ಲಿ ನೀರಿದೆಯೇ ಎಂದು ಬಗ್ಗಿ ನೋಡಿ. ಆ ನೀರು ಯಾರ ಒರತೆಗೆ ಹೋಗುತ್ತದೆ ಎಂದು ಕೆಳಗಿನ ಊರಿನವರನ್ನು ಕೇಳಿ. ದಂಡದ ನೆಲ ಎಂಬ ಮಾತನ್ನು ಅದಾದ ಮೇಲೆ ಆಡಿದರೆ ಸಾಕು.